ಶ್ವಾಸಕೋಶಕ್ಕೆ ಕ್ಯಾಮೆರಾ ಇಳಿಸಿ ಪೀಸ್ ತೆಗೆಯೋದು: ಯಾವ ಗಡ್ಡೆಗೆ ಯಾವ ದಾರಿ?

ಹಾಸನದಲ್ಲಿ ನಾನು ಬ್ರಾಂಕೋಸ್ಕೋಪಿ ಕೋಣೆಯ ಟೆಕ್ನಿಷಿಯನ್. ಬ್ರಾಂಕೋಸ್ಕೋಪಿ ಅಂದರೆ ಶ್ವಾಸಕೋಶದೊಳಗೆ ಕ್ಯಾಮೆರಾ ಇರುವ ಪೈಪ್ ಇಳಿಸಿ ನೋಡುವುದು. ಡಾಕ್ಟರ್ ಕ್ಯಾಮೆರಾ ಹಿಡಿಯುತ್ತಾರೆ, ನಾನು ಚಿಮಟದ ಹಿಡಿ ಹಿಡಿಯುತ್ತೇನೆ. ‘ಓಪನ್’ ಅಂದಾಗ ಬಿಡಬೇಕು, ‘ಕ್ಲೋಸ್’ ಅಂದಾಗ ಒತ್ತಬೇಕು. ಬಂದ ಚೂರನ್ನು ಬಾಟಲಿಗೆ ಹಾಕಿ, ಹೆಸರಿನ ಚೀಟಿ ಅಂಟಿಸಿ, ಕ್ಯಾನ್ಸರೋ ಬೇರೆ ರೋಗವೋ ಅಂತ ನೋಡಲು ಲ್ಯಾಬ್‌ಗೆ ಕಳಿಸಬೇಕು. ಕೆಲಸ ಇಷ್ಟೇ. ಆದರೆ ಹೊರಗೆ ಬೆಂಚಿನ ಮೇಲೆ ಕೂತವರಿಗೆ ಡಾಕ್ಟರಿಗಿಂತ ನಾನೇ ಸುಲಭವಾಗಿ ಸಿಗುತ್ತೇನೆ. ಹಾಗಾಗಿ ಪ್ರಶ್ನೆಗಳೆಲ್ಲ ನನ್ನ ತಲೆಗೇ.

ಹೋದ ತಿಂಗಳು ಮೂಡಿಗೆರೆ ಕಡೆಯ ಒಬ್ಬ ಹುಡುಗ ಬಂದಿದ್ದ. ಅವರಪ್ಪನಿಗೆ ಮೂರು ತಿಂಗಳಿಂದ ಕೆಮ್ಮು, ಈಗೀಗ ಕಫದಲ್ಲಿ ರಕ್ತ. "ಅಣ್ಣಾ, ಬೆಂಗಳೂರಲ್ಲಿ ಯಾವ್ದೋ ಅಲ್ಟ್ರಾಸೌಂಡ್ ಇರೋ ಪೈಪ್ ಇದ್ಯಂತೆ. ಅದೇ ಮಾಡಿಸ್ಬೇಕಾ, ಇಲ್ಲಿ ಮಾಡೋದು ಸಾಕಾ?" ಅಂದ. ಸಿ.ಟಿ. ಸ್ಕ್ಯಾನ್ ತಂದಿದ್ದೀಯಾ ಅಂತ ಕೇಳಿದೆ. ರಿಪೋರ್ಟ್ ಕೈಲಿತ್ತು. ಫಿಲಂ ಕಾರಿನಲ್ಲಿತ್ತು.

"ಮೊದ್ಲು ಫಿಲಂ ತಗೊಂಡ್ ಬಾ," ಅಂದೆ.

ಯಾವ ವಿಧಾನ ಒಳ್ಳೇದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಗಡ್ಡೆ ಎಲ್ಲಿದೆ ಅಂತ ಮೊದಲು ಗೊತ್ತಾಗಬೇಕು. ಸಿ.ಟಿ. ನೋಡದೆ ಪೈಪ್ ಹಾಕಿಸಿಕೊಳ್ಳುವುದು ಅಂದರೆ ಊರಿನ ಹೆಸರು ಕೇಳದೆ ಬಸ್ ಹತ್ತಿದ ಹಾಗೆ. ಕೊನೆಯ ತೀರ್ಮಾನ ಡಾಕ್ಟರದ್ದೇ, ಅದು ಸರಿ. ಆದರೆ ಅವರು ಯಾಕೆ ಹೀಗೆ ಹೇಳುತ್ತಿದ್ದಾರೆ ಅಂತ ನಿಮಗೆ ಅರ್ಥವಾದರೆ ಕೇಳಬೇಕಾದ ಪ್ರಶ್ನೆ ಕೇಳಬಹುದು. ಅದಕ್ಕೇ ಇದನ್ನು ಬರೆದಿದ್ದೇನೆ.

ಜೀಪ್ ಎಲ್ಲಿವರೆಗೆ ಹೋಗುತ್ತೆ?

ಶ್ವಾಸಕೋಶವನ್ನು ಒಂದು ಕಾಫಿ ತೋಟ ಅಂದುಕೊಳ್ಳಿ. ಗಂಟಲಿನಿಂದ ಇಳಿಯುವ ಶ್ವಾಸನಾಳ ಹೆದ್ದಾರಿ. ಅದು ಎರಡಾಗಿ ಒಡೆದು ಎಸ್ಟೇಟ್ ರಸ್ತೆ, ಆಮೇಲೆ ಜೀಪ್ ದಾರಿ, ಆಮೇಲೆ ಕಾಲುದಾರಿ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆಯುತ್ತದೆ. ನಮ್ಮ ಮಾಮೂಲಿ ಕ್ಯಾಮೆರಾ ಪೈಪಿನ ದಪ್ಪ 5ರಿಂದ 6 ಮಿಲಿಮೀಟರ್. ನಾಲ್ಕೈದು ಕವಲು ದಾಟುವಷ್ಟರಲ್ಲಿ ದಾರಿ ಕಿರಿದಾಗಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಕಣ್ಣಿಗೆ ಕಾಣುವುದಿಲ್ಲ.

ಹಾಗಾಗಿ ಗಡ್ಡೆ ಮೂರು ಜಾಗದಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ. ರಸ್ತೆಯ ಮೇಲೇ ಬಿದ್ದ ಮರದ ಹಾಗೆ, ನಾಳದ ಒಳಗೆ. ರಸ್ತೆ ಪಕ್ಕದ ಬೇಲಿಯ ಆಚೆ, ಅಂದರೆ ನಾಳದ ಗೋಡೆಗೆ ಅಂಟಿಕೊಂಡ ಗಂಟುಗಳಲ್ಲಿ (ಲಿಂಫ್ ಗ್ರಂಥಿಗಳಲ್ಲಿ). ಇಲ್ಲವೇ ಜೀಪ್ ಹೋಗದ ತೋಟದ ಅಂಚಿನಲ್ಲಿ. ಮೂರಕ್ಕೂ ಸಾಮಾನು ಬೇರೆ.

ಇದಕ್ಕೂ ಮೊದಲು ಒಂದು ಮಾತು. ಎಷ್ಟೋ ಜನರಿಗೆ ಪೈಪೇ ಬೇಕಾಗುವುದಿಲ್ಲ. ಕತ್ತಿನ ಬುಡದಲ್ಲಿ, ಕಾಲರ್ ಮೂಳೆಯ ಮೇಲೆ ಗಂಟು ಸಿಕ್ಕರೆ ಹೊರಗಿನಿಂದಲೇ ಸಣ್ಣ ಸೂಜಿ ಚುಚ್ಚಿ ಪರೀಕ್ಷೆ ಮಾಡಬಹುದು. ಹತ್ತು ನಿಮಿಷದ ಕೆಲಸ. ಪಕ್ಕೆಯಲ್ಲಿ ನೀರು ತುಂಬಿದ್ದರೆ ಆ ನೀರನ್ನೇ ತೆಗೆದು ನೋಡಬಹುದು. ಅಲ್ಲಿ ಕ್ಯಾನ್ಸರ್ ಕಣ ಸಿಕ್ಕಿದರೆ ರೋಗ ಯಾವುದು ಅನ್ನುವುದರ ಜೊತೆಗೆ ಎಷ್ಟು ಹರಡಿದೆ ಅನ್ನುವುದೂ ಒಂದೇ ಚುಚ್ಚಿಗೆ ಗೊತ್ತಾಗುತ್ತದೆ. ಕತ್ತು ಮುಟ್ಟಿ ನೋಡದೆ ನೇರ ಬ್ರಾಂಕೋಸ್ಕೋಪಿಗೆ ಬರೆದ ಚೀಟಿಗಳನ್ನು ನಾನು ಕಂಡಿದ್ದೇನೆ. "ಕತ್ತಲ್ಲಿ ಗಂಟು ಏನಾದ್ರೂ ಇದ್ಯಾ ಸಾರ್?" ಅಂತ ನೀವೇ ಕೇಳಿ, ತಪ್ಪಿಲ್ಲ.

ಕಣ್ಣಿಗೆ ಕಾಣುವ ಗಡ್ಡೆ: ಚಿಮಟವೇ ರಾಜ

ಬೀಡಿ ಸೇದಿದವರಲ್ಲಿ ಜಾಸ್ತಿ ಕಾಣುವ ಸ್ಕ್ವೇಮಸ್ ಮತ್ತು ಸ್ಮಾಲ್ ಸೆಲ್ ಜಾತಿಯ ಕ್ಯಾನ್ಸರ್‌ಗಳು ಸಾಮಾನ್ಯವಾಗಿ ದೊಡ್ಡ ನಾಳಗಳ ಹತ್ತಿರವೇ ಬೆಳೆಯುತ್ತವೆ. ಪೈಪ್ ಇಳಿಸಿದರೆ ಪರದೆಯ ಮೇಲೆ ಹೂಕೋಸಿನ ಹಾಗೆ ಉಬ್ಬಿಕೊಂಡು ಕಾಣುತ್ತದೆ. ಇಲ್ಲಿ ಮೂರು ಹಳೆಯ ವಿಧಾನಗಳಿವೆ. ಚಿಮಟದಿಂದ ಚೂರು ಕೀಳುವುದು, ಬ್ರಷ್‌ನಿಂದ ಉಜ್ಜುವುದು, ಸಲೈನ್ ಬಿಟ್ಟು ತೊಳೆದು ಆ ನೀರನ್ನು ಎಳೆದುಕೊಳ್ಳುವುದು.

ಅಮೆರಿಕದ ಎದೆರೋಗ ವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಲೆಕ್ಕ ಹೀಗಿದೆ. ಇಂಥ ಜಾಗದಲ್ಲಿ ನಿಜಕ್ಕೂ ಕ್ಯಾನ್ಸರ್ ಇರುವ 100 ಜನರಲ್ಲಿ ಚಿಮಟ ಒಂದೇ ಹಿಡಿಯುವುದು ಸುಮಾರು 74 ಮಂದಿಯನ್ನು. ಬ್ರಷ್ ಒಂದೇ ಆದರೆ ಸುಮಾರು 60. ತೊಳೆದ ನೀರು ಒಂದೇ ಆದರೆ 50ಕ್ಕೂ ಕಡಿಮೆ. ಎಲ್ಲ ಸೇರಿಸಿದರೆ ಸುಮಾರು 88. ಅಂದರೆ ಇವುಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಯೇ ಇಲ್ಲ. ಪೈಪ್ ಒಳಗೆ ಹೋದ ಮೇಲೆ ಸಾಧ್ಯವಿದ್ದಷ್ಟನ್ನೂ ಮಾಡಿಬಿಡುವುದು ಜಾಣತನ. ತೊಳೆದ ನೀರಿನ ರಿಪೋರ್ಟ್ ಒಂದನ್ನೇ ಹಿಡಿದು "ಕ್ಯಾನ್ಸರ್ ಇಲ್ವಂತೆ" ಅಂತ ಸಂತೋಷಪಡಬೇಡಿ. ನನಗೆ ತುಂಬಾ ಬೇಜಾರಾಗುವುದು ಅದಕ್ಕೇ. ‘ಕಣ ಕಾಣಲಿಲ್ಲ’ ಬೇರೆ, ‘ಕ್ಯಾನ್ಸರ್ ಇಲ್ಲ’ ಬೇರೆ.

ಚಿಮಟದ ಬಾಯಿ ಎರಡು ಮಿಲಿಮೀಟರ್ ಆಸುಪಾಸು. ಬರುವ ಚೂರು ರಾಗಿ ಕಾಳಿನಷ್ಟು. ಒಂದು ಸಾಕಾಗುವುದಿಲ್ಲ, ಕನಿಷ್ಠ ಐದು ಬೇಕು. ಯಾಕೆಂದರೆ ಗಡ್ಡೆಯ ಮೇಲ್ಪದರ ಎಷ್ಟೋ ಸಲ ಸತ್ತ ಮಾಂಸ. ಅದನ್ನೇ ಕಿತ್ತರೆ ‘ನೆಕ್ರೋಸಿಸ್ ಮಾತ್ರ’ ಅಂತ ರಿಪೋರ್ಟ್ ಬರುತ್ತದೆ, ಅಷ್ಟೇ. ಅದೇ ಜಾಗದಲ್ಲಿ ಎರಡು ಮೂರು ಸಲ ಕಚ್ಚಿ ಒಳಗಿನ ಜೀವಂತ ಭಾಗಕ್ಕೆ ಹೋಗಬೇಕು. ಚೂರು ಚಿಮಟದ ಬಾಯಿಗೆ ಅಂಟಿಕೊಂಡಿದ್ದರೆ ನಾನು ಅದನ್ನು ಕುಟ್ಟುವುದಿಲ್ಲ, ಉಜ್ಜುವುದಿಲ್ಲ. ಸಣ್ಣ ಸೂಜಿಯ ತುದಿಯಿಂದ ಮೆತ್ತಗೆ ಎಬ್ಬಿಸಿ ಬಾಟಲಿಗೆ ಬಿಡುತ್ತೇನೆ. ಸ್ಮಾಲ್ ಸೆಲ್ ಕಣಗಳಂತೂ ಸ್ವಲ್ಪ ಹಿಚುಕಿದರೂ ಕಾಡಿಗೆಯ ಹಾಗೆ ಎಳೆದುಕೊಂಡುಬಿಡುತ್ತವೆ. ಆಮೇಲೆ ಲ್ಯಾಬ್‌ನಲ್ಲಿ ಚೂರು ನೋಡುವ ಡಾಕ್ಟರ್, ಅಂದರೆ ಪೆಥಾಲಜಿಸ್ಟ್, ಏನು ಹೇಳಬೇಕು ಪಾಪ?

ಬ್ರಷ್‌ನದ್ದು ಇನ್ನೊಂದು ಅವಸರ. ಗಾಜಿನ ಮೇಲೆ ಸವರಿದ ತಕ್ಷಣ ಆಲ್ಕೋಹಾಲ್‌ನಲ್ಲಿ ಮುಳುಗಿಸಬೇಕು. ಫ್ಯಾನ್ ಗಾಳಿಗೆ ಒಣಗಿದರೆ ಕಣಗಳ ಆಕಾರ ಕೆಡುತ್ತದೆ.

ಚೂರು ಹೆಪ್ಪುಗಟ್ಟಿಸಿ ಕೀಳುವ ಕ್ರಯೋ ಬಯಾಪ್ಸಿ ಅಂತ ಒಂದಿದೆ. ತುದಿಯಲ್ಲಿ ಅನಿಲ ಹರಿಸಿ ಮಂಜುಗಡ್ಡೆಗಿಂತಲೂ ತಣ್ಣಗೆ ಮಾಡಿ, ಮಾಂಸ ಅಂಟಿಕೊಂಡ ಮೇಲೆ ಎಳೆಯುತ್ತಾರೆ. ಚೂರು ದೊಡ್ಡದು, ಹಿಚುಕಿರುವುದಿಲ್ಲ. ಆದರೆ ರಕ್ತಸ್ರಾವದ ಭಯ ಚಿಮಟಕ್ಕಿಂತ ಜಾಸ್ತಿ. ಕೈ ಪಳಗಿದವರ ಹತ್ತಿರ ಮಾತ್ರ.

ಬೇಲಿಯಾಚೆಯ ಗಂಟು: ಇಲ್ಲಿ ಬೆಂಗಳೂರಿನ ಪೈಪ್‌ಗೆ ಬೆಲೆ

ಆ ಹುಡುಗ ಕೇಳಿದ್ದು ಇಬಸ್ ಬಗ್ಗೆ. ಪೈಪಿನ ತುದಿಯಲ್ಲೇ ಪುಟ್ಟ ಅಲ್ಟ್ರಾಸೌಂಡ್ ಇರುತ್ತದೆ. ಬಸುರಿಯರಿಗೆ ಹೊಟ್ಟೆಯ ಮೇಲೆ ಮಾಡುವ ಸ್ಕ್ಯಾನನ್ನೇ ನಾಳದ ಒಳಗಿನಿಂದ ಮಾಡಿದ ಹಾಗೆ. ಗೋಡೆಯ ಆಚೆಗಿನ ಗಂಟು ಬೂದು ಬಣ್ಣದಲ್ಲಿ ಕಾಣುತ್ತದೆ, ಪಕ್ಕದ ರಕ್ತನಾಳವೂ ಕಾಣುತ್ತದೆ. ಅದನ್ನು ತಪ್ಪಿಸಿ, ಕಣ್ಣೆದುರೇ ಸೂಜಿ ಹೊಡೆಯುತ್ತಾರೆ.

ಇದು ಬರುವ ಮೊದಲು ಗಂಟುಗಳಿಗೆ ಸೂಜಿ ಹಾಕುತ್ತಿರಲಿಲ್ಲ ಅಂತಲ್ಲ. ಸಿ.ಟಿ. ನೋಡಿಕೊಂಡು ‘ಇಲ್ಲಿರಬೇಕು’ ಅಂತ ಅಂದಾಜಿನ ಮೇಲೆ ಮಾಮೂಲಿ ಪೈಪಿನಿಂದಲೇ ಗೋಡೆ ತೂರಿಸಿ ಚುಚ್ಚುತ್ತಿದ್ದರು, ಈಗಲೂ ಚುಚ್ಚುತ್ತಾರೆ. ನಾಳ ಎರಡಾಗಿ ಒಡೆಯುವ ಜಾಗದ ಕೆಳಗೆ ದೊಡ್ಡ ಗಂಟಿದ್ದರೆ ಅನುಭವಸ್ಥರ ಕೈಗೆ ಇದು ಚೆನ್ನಾಗಿಯೇ ಸಿಗುತ್ತದೆ, ಖರ್ಚೂ ಕಡಿಮೆ. ಗಂಟು ಸಣ್ಣದಿದ್ದರೆ, ಅಥವಾ ರಕ್ತನಾಳದ ಮಗ್ಗುಲಲ್ಲಿದ್ದರೆ ಅಂದಾಜು ಕೈಕೊಡುತ್ತದೆ. ಅದೇ ಮಾರ್ಗಸೂಚಿಯಲ್ಲಿ ಇಬಸ್ ಸೂಜಿ ಎದೆಯ ನಡುವಿನ ಗಂಟುಗಳಲ್ಲಿ ಕ್ಯಾನ್ಸರ್ ಹಿಡಿಯುವ ಲೆಕ್ಕ 100ಕ್ಕೆ ಸುಮಾರು 89. ಅಂದಾಜಿನ ಸೂಜಿಗೆ 78. ಕಾಗದದ ಮೇಲೆ ಅಂತರ ಚಿಕ್ಕದು ಅನ್ನಿಸಬಹುದು. ಆದರೆ ಅಂದಾಜಿನ ಸೂಜಿಯ ಲೆಕ್ಕ ಹೆಚ್ಚಾಗಿ ದೊಡ್ಡ ಗಂಟುಗಳದ್ದು.

ಇಬಸ್‌ನ ನಿಜವಾದ ಲಾಭ ಬೇರೆ ಇದೆ. ರೋಗ ಯಾವುದು ಅನ್ನುವುದಕ್ಕಿಂತ, ಎಲ್ಲಿಯವರೆಗೆ ಹೋಗಿದೆ ಅನ್ನುವುದನ್ನು ಅದು ಹೇಳುತ್ತದೆ. ಆಪರೇಷನ್ ಮಾಡಬಹುದಾ ಬೇಡವಾ ಅನ್ನುವುದು ನಿಂತಿರುವುದೇ ಆ ಗಂಟುಗಳ ಮೇಲೆ. ಅದಕ್ಕೆ ಗಡ್ಡೆಯ ಎದುರು ಬದಿಯ ಗಂಟುಗಳನ್ನು ಮೊದಲು ಚುಚ್ಚಬೇಕು, ಆಮೇಲೆ ನಡುವಿನದು, ಕೊನೆಗೆ ಗಡ್ಡೆಯ ಹತ್ತಿರದ್ದು. ಉಲ್ಟಾ ಮಾಡಿದರೆ ಸೂಜಿಗೆ ಅಂಟಿದ ಕ್ಯಾನ್ಸರ್ ಕಣವೇ ಮುಂದಿನ ಸ್ಯಾಂಪಲ್‌ಗೆ ಸೇರಿ, ಇಲ್ಲದ ಹರಡುವಿಕೆ ಇದೆ ಅಂತ ತೋರಿಸಿಬಿಡುತ್ತದೆ.

ನಾನು ತರಬೇತಿಗೆ ಹೋಗಿದ್ದಾಗ ಮೊದಲ ಸಲ ಈ ಸೂಜಿಯಿಂದ ಮಾಲು ಹೊರಗೆ ಬರುವುದನ್ನು ನೋಡಿದೆ. ಒಳಗಿನ ತಂತಿಯನ್ನು ನಿಧಾನಕ್ಕೆ ತಳ್ಳಿದರೆ ಒತ್ತು ಶಾವಿಗೆಯ ಎಳೆಯ ಹಾಗೆ ಕೆಂಪಗೆ ಸುರುಳಿ ಸುರುಳಿ ಬೀಳುತ್ತದೆ. ಒಂದು ಹನಿ ಗಾಜಿನ ಮೇಲೆ, ಉಳಿದ ಎಳೆಯೆಲ್ಲ ಬಾಟಲಿಗೆ. ಲ್ಯಾಬ್‌ನಲ್ಲಿ ಆ ಎಳೆಯನ್ನೇ ಮೇಣದಲ್ಲಿ ಕೂರಿಸುತ್ತಾರೆ, ಅದೇ ಮೇಣದ ಬ್ಲಾಕ್. ಒಂದು ಗಂಟಿಗೆ ಕಡಿಮೆ ಅಂದರೂ ಮೂರು ಸಲ ಚುಚ್ಚಬೇಕು. ಪೆಥಾಲಜಿಸ್ಟ್ ಅದೇ ಕೋಣೆಯಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂತಿದ್ದರೆ ಇನ್ನೂ ಒಳ್ಳೇದು. ‘ಸಿಕ್ತು’ ಅಥವಾ ‘ಬರೀ ರಕ್ತ, ಇನ್ನೊಂದ್ಸಲ ಹಾಕಿ’ ಅಂತ ಅಲ್ಲೇ ಹೇಳುತ್ತಾರೆ. ಆಸ್ಪತ್ರೆ ಆರಿಸುವಾಗ ಮಷೀನಿನ ಕಂಪನಿ ಕೇಳುವ ಬದಲು ಈ ಸೌಲಭ್ಯ ಇದೆಯಾ ಅಂತ ಕೇಳಿ.

ಖರ್ಚು ಮಾಮೂಲಿ ಬ್ರಾಂಕೋಸ್ಕೋಪಿಗಿಂತ ಹಲವು ಪಟ್ಟು. ಸೂಜಿಯ ಬಿಲ್ಲೇ ಬೇರೆ ಬರುತ್ತದೆ. ಬಿ.ಪಿ.ಎಲ್. ಕಾರ್ಡ್ ಇದ್ದವರು ಮೊದಲು ಆಸ್ಪತ್ರೆಯಲ್ಲಿ ಸರ್ಕಾರದ ಚಿಕಿತ್ಸಾ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರ ಕೌಂಟರಿನಲ್ಲಿ ವಿಚಾರಿಸಿ. ದುಡ್ಡು ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ತೋಟದ ಅಂಚಿನ ಗಡ್ಡೆ

ಇದು ಎಲ್ಲಕ್ಕಿಂತ ಕಷ್ಟದ್ದು. ಬೀಡಿ ಸಿಗರೇಟ್ ಮುಟ್ಟದ ಹೆಂಗಸರಲ್ಲೂ ಕಾಣುವ ಅಡಿನೋಕಾರ್ಸಿನೋಮ ಅನ್ನುವ ಜಾತಿಯ ಕ್ಯಾನ್ಸರ್ ಸಾಮಾನ್ಯವಾಗಿ ಇಲ್ಲೇ ಹೊರ ಅಂಚಿನಲ್ಲಿ ಶುರುವಾಗುತ್ತದೆ. ಕ್ಯಾಮೆರಾಗೆ ಕಾಣುವುದಿಲ್ಲ. ಚಿಮಟವನ್ನು ಕುರುಡಾಗಿ ಮುಂದೆ ತಳ್ಳಿ, ಎಕ್ಸ್‌ರೇ ಪರದೆ ನೋಡುತ್ತಾ ಕಚ್ಚಿಸಬೇಕು. ಗಡ್ಡೆ ಎರಡು ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ 100ಕ್ಕೆ 63 ಸಲ ಸಿಗುತ್ತದೆ. ಅದಕ್ಕಿಂತ ಚಿಕ್ಕದಾದರೆ 34. ಮೂರಕ್ಕೆ ಎರಡು ಸಲ ಬರಿಗೈ! ಅಷ್ಟು ಚಿಕ್ಕ ಗಡ್ಡೆಗೆ ಈ ದಾರಿ ಹಿಡಿಯುವುದು ನನ್ನ ಪ್ರಕಾರ ಟೈಮ್ ವೇಸ್ಟ್.

ಇದಕ್ಕೆ ಎರಡು ಪರ್ಯಾಯ. ಒಂದು ರೇಡಿಯಲ್ ಇಬಸ್. ಮೇಲೆ ಹೇಳಿದ ಇಬಸ್ ಬೇರೆ, ಇದು ಬೇರೆ. ಹೆಸರು ಒಂದೇ ಥರ ಇರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಇದು ತೆಳ್ಳನೆಯ ತಂತಿಯಂಥ ಸ್ಕ್ಯಾನರ್. ಕಾಲುದಾರಿಯವರೆಗೂ ಹೋಗಿ ಸುತ್ತಲೂ ನೋಡಿ ಗಡ್ಡೆ ಇಲ್ಲೇ ಇದೆ ಅಂತ ತೋರಿಸುತ್ತದೆ. ಆಮೇಲೆ ಅದನ್ನು ತೆಗೆದು, ಅದನ್ನು ಇಳಿಸಿದ್ದ ಸಣ್ಣ ಕೊಳವೆಯೊಳಗಿಂದಲೇ ಚಿಮಟ ಬಿಡುತ್ತಾರೆ. ಸಿಗುವ ಪ್ರಮಾಣ ಹೆಚ್ಚುಕಡಿಮೆ 100ಕ್ಕೆ 70ರ ಮೇಲೆ.

ಎರಡನೆಯದು ಬ್ರಾಂಕೋಸ್ಕೋಪಿಯೇ ಅಲ್ಲ. ಸಿ.ಟಿ. ಮಷೀನಿನ ಮೇಲೆ ಮಲಗಿಸಿ ಪಕ್ಕೆಯಿಂದ ನೇರ ಸೂಜಿ ಹಾಕುವುದು. 100ಕ್ಕೆ ಸುಮಾರು 90 ಸಿಗುತ್ತದೆ. ಹಾಗಾದರೆ ಎಲ್ಲರಿಗೂ ಅದೇ ಮಾಡಬಹುದಲ್ವಾ? ಇಲ್ಲ. ಶ್ವಾಸಕೋಶಕ್ಕೆ ಹೊರಗಿನಿಂದ ತೂತು ಬೀಳುವುದರಿಂದ ಪಕ್ಕೆಯಲ್ಲಿ ಗಾಳಿ ತುಂಬಿಕೊಳ್ಳುವ ತೊಂದರೆ 100ಕ್ಕೆ ಸುಮಾರು 15 ಜನರಿಗೆ ಆಗುತ್ತದೆ. ಅದರಲ್ಲಿ ಕೆಲವರಿಗೆ ಟ್ಯೂಬ್ ಹಾಕಬೇಕಾಗುತ್ತದೆ. ಒಳಗಿನಿಂದ ಚಿಮಟ ಹಾಕಿದಾಗ ಇದು ಕೆಲವೇ ಜನರಿಗೆ. ವರ್ಷಗಟ್ಟಲೆ ಬೀಡಿ ಸೇದಿ ಶ್ವಾಸಕೋಶ ಜರಡಿಯಾಗಿರುವ ಹಿರಿಯರಿಗೆ ಹೊರಗಿನ ಸೂಜಿ ಅಂದರೆ ಡಾಕ್ಟರ್ ಎರಡು ಸಲ ಯೋಚಿಸುವುದು ಇದಕ್ಕೇ. ಪಕ್ಕೆಗೆ ಅಂಟಿಕೊಂಡಿರುವ ಗಡ್ಡೆಯಾದರೆ ಮಾತ್ರ ಹೊರಗಿನ ಸೂಜಿಯಷ್ಟು ಸಲೀಸು ಇನ್ನೊಂದಿಲ್ಲ.

ದಾರಿ ತೋರಿಸುವ ನ್ಯಾವಿಗೇಷನ್, ರೋಬೋಟ್ ಎಲ್ಲ ದೊಡ್ಡ ಊರಿನ, ದೊಡ್ಡ ಬಿಲ್ಲಿನ ವಿಷಯ. ಅವಿಲ್ಲದೆಯೂ ಹೆಚ್ಚಿನವರ ಕೆಲಸ ಆಗುತ್ತದೆ.

ಬಾಟಲಿಯ ಕಥೆ

ಯಾವ ವಿಧಾನ ಅನ್ನುವುದರಷ್ಟೇ ಮುಖ್ಯ, ತೆಗೆದದ್ದು ಯಾವ ಬಾಟಲಿಗೆ ಹೋಯಿತು ಅನ್ನುವುದು. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಆಗ ಬೇರೆ ಆಸ್ಪತ್ರೆಯಲ್ಲಿದ್ದೆ, ಕೆಲಸ ಹೊಸದು. ಅರಕಲಗೂಡು ಕಡೆಯ ಹೊಗೆಸೊಪ್ಪು ಬೆಳೆಗಾರರೊಬ್ಬರು, ಅರವತ್ತರ ಮೇಲೆ ವಯಸ್ಸು. ಗಡ್ಡೆ ಕ್ಯಾನ್ಸರೇ ಅಂತ ಎಲ್ಲರಿಗೂ ಅನ್ನಿಸಿತ್ತು. ಆರು ಚೂರು ತೆಗೆದರು. ಆರನ್ನೂ ಚೂರು ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕಿದೆ. ಹತ್ತು ದಿನಕ್ಕೆ ರಿಪೋರ್ಟ್ ಬಂತು: ಕ್ಯಾನ್ಸರ್ ಕಾಣಲಿಲ್ಲ, ಗ್ರಾನುಲೋಮ (ಉರಿಯೂತದ ಕಣಗಳ ಗುಂಪು) ಇದೆ, ಟಿ.ಬಿ. ಇರಬಹುದು, ಕಲ್ಚರ್ (ಕ್ರಿಮಿ ಬೆಳೆಸುವ ಪರೀಕ್ಷೆ) ನೋಡಿ. ಏನು ನೋಡುವುದು? ಫಾರ್ಮಲಿನ್ ಬಿದ್ದ ಚೂರಿನಲ್ಲಿ ಟಿ.ಬಿ. ಕ್ರಿಮಿ ಬೆಳೆಯುವುದಿಲ್ಲ. ಯಜಮಾನರು ಮತ್ತೆ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದು, ಮತ್ತೆ ಮೂಗಿನಲ್ಲಿ ಪೈಪ್ ಹಾಕಿಸಿಕೊಂಡರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಅಂದಿನಿಂದ ಡಾಕ್ಟರ್ ಮರೆತರೂ ನಾನು ಕೇಳುತ್ತೇನೆ: "ಸಾರ್, ಸಲೈನ್‌ಗೆ ಒಂದು ಹಾಕ್ಲಾ?" ನಮ್ಮ ಕಡೆ ಟಿ.ಬಿ. ಮತ್ತು ಕ್ಯಾನ್ಸರ್ ಒಂದರ ವೇಷ ಇನ್ನೊಂದು ಹಾಕುತ್ತವೆ. ಎಕ್ಸ್‌ರೇ ನೋಡಿ, ಕ್ರಿಮಿ ಸಿಗದಿದ್ದರೂ ಆರು ತಿಂಗಳು ಟಿ.ಬಿ. ಮಾತ್ರೆ ನುಂಗಿ, ಆಮೇಲೆ ಕ್ಯಾನ್ಸರ್ ಅಂತ ಗೊತ್ತಾದವರನ್ನು ನೋಡಿದ್ದೇನೆ. ಹಾಗಾಗಿ ಎರಡು ಬಾಟಲಿ. ಫಾರ್ಮಲಿನ್ ಕ್ಯಾನ್ಸರ್ ಪರೀಕ್ಷೆಗೆ, ಸಲೈನ್ ಟಿ.ಬಿ.ಗೆ.

ಕ್ಯಾನ್ಸರ್ ಅಂತ ಖಚಿತವಾದ ಮೇಲೂ ಚೂರಿನ ಕೆಲಸ ಮುಗಿಯುವುದಿಲ್ಲ. ಅಡಿನೋಕಾರ್ಸಿನೋಮ ಆದರೆ ಇ.ಜಿ.ಎಫ್.ಆರ್., ಎ.ಎಲ್.ಕೆ. ಅಂತ ಜೀನ್ ಪರೀಕ್ಷೆ ಮಾಡುತ್ತಾರೆ. ಭಾರತದಲ್ಲಿ ಈ ಜಾತಿಯ ಕ್ಯಾನ್ಸರ್ ಇರುವವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರಿಗೆ ಇ.ಜಿ.ಎಫ್.ಆರ್. ಬದಲಾವಣೆ ಇರುತ್ತದೆ. ಅವರಿಗೆ ಕೀಮೋ ಬದಲು ಮಾತ್ರೆ ಕೆಲಸ ಮಾಡಬಹುದು. ಚೂರು ಕಡಿಮೆ ಇದ್ದರೆ ಮೊದಲ ಪರೀಕ್ಷೆಗೇ ಖರ್ಚಾಗಿ, ಜೀನ್ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ರಕ್ತದಲ್ಲೂ ಈ ಪರೀಕ್ಷೆ ಮಾಡಬಹುದು, ಆದರೆ ಅದರಲ್ಲಿ ಸಿಗದಿದ್ದರೆ ಇಲ್ಲ ಅಂತ ಹೇಳಲಾಗುವುದಿಲ್ಲ. ಅದಕ್ಕೇ ಬ್ರಷ್ ಒಂದರಲ್ಲೇ ಕ್ಯಾನ್ಸರ್ ಅಂತ ಬಂದರೂ ನನಗೆ ಪೂರ್ತಿ ಸಮಾಧಾನ ಆಗುವುದಿಲ್ಲ.

ಲ್ಯಾಬ್‌ನಲ್ಲಿ ಉಳಿದ ಮೇಣದ ಬ್ಲಾಕ್ ನಿಮ್ಮ ರೋಗಿಯದ್ದೇ. ಬೇರೆ ಆಸ್ಪತ್ರೆಗೆ ಹೋಗುವಾಗ ಸಹಿ ಮಾಡಿ ತೆಗೆದುಕೊಂಡು ಹೋಗಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಅದು ಮೇಣ.

ಮಾಡಿಸುವ ಮೊದಲು, ಮಾಡಿಸಿದ ಮೇಲೆ

ರಕ್ತ ತೆಳು ಮಾಡುವ ಮಾತ್ರೆಯ ವಿಷಯ ಮುಚ್ಚಿಡಬೇಡಿ. ಆಸ್ಪಿರಿನ್ ಒಂದೇ ಆದರೆ ಸಾಮಾನ್ಯವಾಗಿ ನಡೆಯುತ್ತದೆ. ಕ್ಲೋಪಿಡೋಗ್ರೆಲ್ ಆದರೆ ಐದರಿಂದ ಏಳು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಆದರೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ತಾವಾಗಿಯೇ ನಿಲ್ಲಿಸಬಾರದು. ಹಿಂದಿನ ರಾತ್ರಿ ಊಟ ಮಾಡಿ, ಬೆಳಿಗ್ಗೆ ಹೊಟ್ಟೆ ಖಾಲಿ. "ಒಂದೇ ಲೋಟ ಕಾಫಿ ಕುಡ್ದೆ" ಅಂತ ಹಾಲಿನ ಕಾಫಿ ಕುಡಿದು ಬಂದು ವಾಪಸ್ ಹೋದವರ ಲೆಕ್ಕ ನಮ್ಮ ಜಿಲ್ಲೆಯಲ್ಲೇ ಜಾಸ್ತಿ ಇರಬೇಕು!

ಗಂಟಲಿಗೆ ಮರಗಟ್ಟುವ ಔಷಧಿ ಹೊಡೆಯುವುದರಿಂದ ಮುಗಿದ ಮೇಲೆ ಎರಡು ಗಂಟೆ ನೀರೂ ಇಲ್ಲ. ನೆತ್ತಿಗೇರುತ್ತದೆ. ಕಫದಲ್ಲಿ ಒಂದೆರಡು ದಿನ ಸ್ವಲ್ಪ ರಕ್ತ, ತೊಳೆದಿದ್ದರೆ ಅದೇ ಸಂಜೆ ಜ್ವರ, ಇವು ಸಾಮಾನ್ಯ. ರಕ್ತ ಜಾಸ್ತಿಯಾದರೆ, ಎದೆನೋವು ಬಂದು ಉಸಿರು ಕಟ್ಟಿದರೆ ತಕ್ಷಣ ವಾಪಸ್ ಬನ್ನಿ. ಅಂಚಿನ ಗಡ್ಡೆಗೆ ಚಿಮಟ ಅಥವಾ ಸೂಜಿ ಹಾಕಿಸಿಕೊಂಡವರು ಅದೇ ದಿನ ನೆಟ್‌ವರ್ಕ್ ಇಲ್ಲದ ಎಸ್ಟೇಟಿಗೆ ಹೋಗಿ ಮಲಗುವುದು ನನಗೆ ಇಷ್ಟ ಇಲ್ಲ. ಒಂದು ರಾತ್ರಿ ಪೇಟೆಯಲ್ಲೇ ನೆಂಟರ ಮನೆಯಲ್ಲಿರಿ.

"ಪೀಸ್ ತೆಗೆದ್ರೆ ಕ್ಯಾನ್ಸರ್ ಕೆರಳುತ್ತಂತೆ" ಅನ್ನುವ ಮಾತು ವಾರಕ್ಕೊಮ್ಮೆ ಕೇಳುತ್ತೇನೆ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ತಡ ಮಾಡಿದರೆ ಬೆಳೆಯುವುದು ಮಾತ್ರ ಅಪರೂಪ ಅಲ್ಲ.

ಇಲ್ಲೋ, ಹೊರಗೋ? ಕಣ್ಣಿಗೆ ಕಾಣುವ ಗಡ್ಡೆಯಾದರೆ ಜಿಲ್ಲೆಯಲ್ಲೇ ಮುಗಿಸಿಕೊಳ್ಳಿ ಅಂತಲೇ ನಾನು ಹೇಳುವುದು. ಗಂಟು ಅಥವಾ ಅಂಚಿನ ಗಡ್ಡೆಯಾದರೆ ನಿಮ್ಮ ಡಾಕ್ಟರಿಂದ ಚೀಟಿ ಬರೆಸಿಕೊಂಡು ಬೆಂಗಳೂರು, ಮೈಸೂರು, ಮಂಗಳೂರು, ಯಾವುದು ಹತ್ತಿರವೋ ಅಲ್ಲಿಗೆ. ಬೆಂಗಳೂರಿನಲ್ಲಿ ಸರ್ಕಾರಿ ಕಡೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಎದೆರೋಗಕ್ಕೇ ಮೀಸಲಾದ ರಾಜೀವ್ ಗಾಂಧಿ ಸಂಸ್ಥೆ ಇದೆ. ಮೂಡಿಗೆರೆ, ಸಕಲೇಶಪುರದವರಿಗೆ ಮಂಗಳೂರು ಹತ್ತಿರ. ಆದರೆ ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ಯಾವಾಗ ಬಂದ್ ಆಗುತ್ತೋ ಹೇಳಕ್ಕಾಗಲ್ಲ. ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡು ಹೊರಡಿ.

ಆ ಹುಡುಗ ಫಿಲಂ ತಂದ. ಡಾಕ್ಟರ್ ಬೆಳಕಿಗೆ ಹಿಡಿದರು. ಬಲಗಡೆ ದೊಡ್ಡ ನಾಳವೇ ಅರ್ಧಕ್ಕೆ ಕತ್ತರಿಸಿದ ಹಾಗೆ ನಿಂತಿತ್ತು. ಮರುದಿನ ಮಾಮೂಲಿ ಪೈಪಿನಲ್ಲೇ ಆರು ಚೂರು, ಒಂದು ಬ್ರಷ್, ಎರಡು ಬಾಟಲಿ. ಒಂಬತ್ತನೇ ದಿನ ರಿಪೋರ್ಟ್: ಸ್ಕ್ವೇಮಸ್. ಆಪರೇಷನ್ ಆಗಬಹುದಾ ಅಂತ ನೋಡಲು ಗಂಟುಗಳನ್ನು ಪರೀಕ್ಷೆ ಮಾಡಬೇಕು ಅಂದರು. ಅದಕ್ಕೆ ಅಲ್ಟ್ರಾಸೌಂಡ್ ಪೈಪೇ ಬೇಕು. ನಿನ್ನೆ ರಾತ್ರಿ ಅವರು ಬೆಂಗಳೂರಿನ ಬಸ್ ಹತ್ತುವಾಗ ಬ್ಲಾಕ್ ಮರೀಬೇಡ ಅಂತ ಫೋನ್ ಮಾಡಿದೆ.

"ಬ್ಯಾಗಲ್ಲೇ ಇದೆ ಅಣ್ಣಾ," ಅಂದ. "ಫಿಲಂ ಕೂಡ."